ಹಳೆಯ ಚೈನ್‌ಸಾ: ದುಡ್ಡು ಕೊಡುವ ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರಿಗೆ,

ಮಳೆಗಾಲದ ಮೊದಲ ಗಾಳಿಗೆ ನಾಲ್ಕು ಮರ ರಸ್ತೆಗೆ ಬಿದ್ದವೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಚೈನ್‌ಸಾಗಳಿಗೆ ಎಲ್ಲಿಲ್ಲದ ಬೇಡಿಕೆ. ಘಟ್ಟದ ಕೆಳಗೆ ಅಂಕೋಲಾ, ಕುಮಟಾ, ಹೊನ್ನಾವರ, ಕಾರವಾರದಲ್ಲೂ ಹಾಗೆಯೇ. ಅಲ್ಲಿ ಅಕೇಶಿಯಾ, ಗಾಳಿಮರ. ಇಲ್ಲಿ ತೋಟದಂಚಿನ ಮರ, ಬೆಟ್ಟದ ಒಣಮರ. ಹೊಸ ಮೆಶಿನ್ನಿನ ಬೆಲೆ ಕೇಳಿ ಹಿಂದೆ ಸರಿದವರು ಹಳೆಯದಕ್ಕೆ ಕೈಹಾಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಕಂಪನಿಯ ಎಂಜಿನ್ನನ್ನು ಸರಿಯಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ದುಡಿಯುತ್ತದೆ.

ಆದರೆ ಈ ವ್ಯಾಪಾರದಲ್ಲಿ ಎರಡು ಬಗೆಯ ನಷ್ಟ ಆಗುತ್ತಿದೆ. ಸ್ಟಾರ್ಟರ್ ಹಗ್ಗ ಎಳೆಯಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಜೀವವಿರುವ ಎಂಜಿನ್ನು ಕಿಲೋ ಲೆಕ್ಕದಲ್ಲಿ ಗುಜರಿ ಸೇರುತ್ತದೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಕೆಟ್ಟುಹೋದ ಮೆಶಿನ್ನು ಹೊಸ ಕವರ್, ಚೈನ್ ಓಡುವ ಹೊಸ ಬಾರ್, ಹೊಸ ಚೈನ್ ಹಾಕಿಸಿಕೊಂಡು ‘ಒಂದೇ ಎಳೆತಕ್ಕೆ ಸ್ಟಾರ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೊಂಡವರು ತಿಂಗಳೊಳಗೆ ಗ್ಯಾರೇಜಿಗೆ ತಂದು ಪಿಸ್ಟನ್ ಬದಲಿಸಿ ಎನ್ನುತ್ತಾರೆ. ಬದಲಿಸಿದ ಪಿಸ್ಟನ್ನೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಮೊದಲನೆಯದು ಯಾಕೆ ಹೋಯಿತು ಎಂದು ಯಾರೂ ಹುಡುಕಿರುವುದಿಲ್ಲವಲ್ಲ! ಆ ಹುಡುಕಾಟದ ಕ್ರಮವನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ. ಉದ್ದವಾದರೆ ಕ್ಷಮಿಸಿ, ಅರ್ಧಂಬರ್ಧ ಹೇಳಿದರೆ ಉಪಯೋಗವಿಲ್ಲದ ವಿಷಯ ಇದು.

ಮೊದಲು ಅದು ಯಾವ ಮೆಶಿನ್ ಎಂದು ಖಾತ್ರಿಯಾಗಬೇಕು. ಕವರಿನ ಮೇಲಿನ ಸ್ಟಿಕ್ಕರ್ ನಂಬುವ ಹಾಗಿಲ್ಲ, ಕವರ್ ಬದಲಿಸಲು ಎರಡು ನಿಮಿಷ ಸಾಕು. ಸ್ಟಿಲ್ ಕಂಪನಿಯ ಮೆಶಿನ್ನುಗಳ ಎರಕದ ಭಾಗಗಳಲ್ಲಿ ಬಿಡಿಭಾಗದ ಸಂಖ್ಯೆ ಮೂಡಿರುತ್ತದೆ. ಅದರ ಮೊದಲ ನಾಲ್ಕು ಅಂಕಿ ಮೆಶಿನ್ನಿನ ಕುಲ ಹೇಳುತ್ತದೆ. 1130 ಇದ್ದರೆ 170, 180 ಮಾಡೆಲಿನ ಸಣ್ಣ ಮೆಶಿನ್. 1123 ಇದ್ದರೆ 210, 230, 250. 1119 ಇದ್ದರೆ 038, 380, 381. 1106 ಇದ್ದರೆ ಮರದ ವ್ಯಾಪಾರಿಗಳ ಹಳೆಯ ಗೆಳೆಯ 070. ಕುಲ ಗೊತ್ತಾದರೂ ಮಾಡೆಲ್ ಯಾವುದೆಂದು ಇದರಿಂದ ಖಚಿತವಾಗುವುದಿಲ್ಲ, ಯಾಕೆಂದರೆ ಒಂದೇ ಕ್ರ್ಯಾಂಕ್‌ಕೇಸಿನ (ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಮೇಲೆ ಬೇರೆ ಬೇರೆ ಅಳತೆಯ ಸಿಲಿಂಡರ್ ಕೂರುತ್ತದೆ. ಹಸ್ಕ್‌ವರ್ನಾ ಕಂಪನಿಯ ಈಚಿನ ಮೆಶಿನ್ನುಗಳ ಸೀರಿಯಲ್ ನಂಬರ್ 11 ಅಂಕಿಯದು. ಮೊದಲ 4 ಅಂಕಿ ತಯಾರಾದ ವರ್ಷ, ಮುಂದಿನ 2 ಅಂಕಿ ವಾರ. ಸ್ಟಿಲ್‌ನ ನಂಬರಿನಲ್ಲಿ ವರ್ಷವನ್ನು ಹೀಗೆ ನೇರವಾಗಿ ಓದಲು ಬರುವುದಿಲ್ಲ.

ಸಿಲಿಂಡರ್ ಕಳಚಿದ ಮೇಲೆ ಸುಳ್ಳಿಗೆ ಜಾಗವೇ ಇಲ್ಲ. ಬೋರಿನ ವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರದಿಂದ (ಸ್ಟ್ರೋಕ್) ಮತ್ತೊಮ್ಮೆ ಗುಣಿಸಿದರೆ ಸಿಸಿ ಸಿಗುತ್ತದೆ. 381ರ ಬೋರ್ 52 ಮಿ.ಮೀ., ಸ್ಟ್ರೋಕ್ 34 ಮಿ.ಮೀ.; ಲೆಕ್ಕ ಹಾಕಿದರೆ 72.2 ಸಿಸಿ. 250ಕ್ಕೆ 42.5 ಮತ್ತು 32, ಅಂದರೆ 45.4 ಸಿಸಿ. 180ಕ್ಕೆ 38 ಮತ್ತು 28, ಅಂದರೆ 31.8 ಸಿಸಿ. ಹಸ್ಕ್‌ವರ್ನಾ 372ಕ್ಕೆ 50 ಮತ್ತು 36, ಅಂದರೆ 70.7 ಸಿಸಿ. ‘58 ಸಿಸಿ’ ಎಂದು ಬರೆದ ಹೆಸರಿಲ್ಲದ ಮೆಶಿನ್ನುಗಳನ್ನೂ ಹೀಗೆ ಅಳೆದು ನೋಡಿ. ಸ್ಟಿಕ್ಕರಿನ ಅಂಕಿ ಬೋರಿನಲ್ಲಿ ಸಿಗದಿರುವುದು ಮಾಮೂಲು.

ಸೀರಿಯಲ್ ನಂಬರನ್ನು ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ. ಕಳವಿನ ಮಾಲು ಇರಬಹುದು. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅರಣ್ಯ ಅಪರಾಧಕ್ಕೆ ಬಳಸಿದ ಉಪಕರಣವೂ ಜಪ್ತಿಯಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾಗದವಿಲ್ಲದ ಚೈನ್‌ಸಾ ಮನೆಯಲ್ಲಿಟ್ಟುಕೊಂಡು ನೆಮ್ಮದಿಯಿಂದ ಇರಲಾಗದು. ಮಾರುವವರ ಹೆಸರು, ಮೆಶಿನ್ನಿನ ನಂಬರ್ ಬರೆದ ಒಂದು ಚೀಟಿಯಾದರೂ ಕೈಯಲ್ಲಿರಲಿ.

ಇನ್ನು ಹೊರಮೈ. ದೊಡ್ಡ ಮೆಶಿನ್ನುಗಳ ಕ್ರ್ಯಾಂಕ್‌ಕೇಸ್ ಮ್ಯಾಗ್ನೀಸಿಯಂ ಎರಕ. ಹಗುರ, ಗಟ್ಟಿ, ಆದರೆ ಉಪ್ಪಿಗೆ ಬಹಳ ಹೆದರುವ ಲೋಹ. ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿನ ಮನೆಗಳಲ್ಲಿ ಎರಡು ಮಳೆಗಾಲ ಸುಮ್ಮನೆ ಬಿದ್ದಿದ್ದ ಮೆಶಿನ್ನಿನಲ್ಲಿ ಬಣ್ಣ ಗುಳ್ಳೆಯೆದ್ದಿರುತ್ತದೆ, ಕೆರೆದರೆ ಬಿಳಿ ಪುಡಿ ಉದುರುತ್ತದೆ. ಪುಡಿಯ ಕೆಳಗೆ ಉಗುರು ಸಿಕ್ಕುವಷ್ಟು ಹೊಂಡವಿದ್ದರೆ ಅದು ಎಲ್ಲಿದೆ ಎಂದು ನೋಡಬೇಕು. ಹ್ಯಾಂಡಲ್ ಕೂರುವ ಕಡೆಯಾದರೆ ಅಡ್ಡಿಯಿಲ್ಲ. ಸಿಲಿಂಡರ್ ಕೂರುವ ಮುಖದಲ್ಲೋ, ಕ್ರ್ಯಾಂಕ್ ಶಾಫ್ಟಿನ ಆಯಿಲ್ ಸೀಲಿನ ಸುತ್ತಲೋ ಇದ್ದರೆ ಆ ಕೇಸು ಇನ್ನು ಗಾಳಿ ತಡೆಯುವುದಿಲ್ಲ. ಘಟ್ಟದ ಮೇಲೆ ಇದೇ ಕೆಲಸವನ್ನು ಮೈಲುತುತ್ತ ಮಾಡುತ್ತದೆ. ಬೋರ್ಡೋ ದ್ರಾವಣದ ಡ್ರಮ್ಮು, ಸ್ಪ್ರೇಯರು ಇಡುವ ಮೂಲೆಯಲ್ಲೇ ಚೈನ್‌ಸಾ ಇಡುವ ರೂಢಿ ನಮ್ಮಲ್ಲಿದೆ. ತಾಮ್ರದ ಅಂಶ ತಾಗಿದ ಕಡೆ ಅಲ್ಯೂಮಿನಿಯಂ, ಮ್ಯಾಗ್ನೀಸಿಯಂ ಎರಡನ್ನೂ ತಿನ್ನುತ್ತದೆ. ದಯವಿಟ್ಟು ಬೇರೆ ಜಾಗ ಮಾಡಿ. 170, 180, 250ರಂಥವುಗಳ ಹೊರಮೈ ಪ್ಲಾಸ್ಟಿಕ್. ಅಲ್ಲಿ ಈ ಭಯ ಕಡಿಮೆ.

ಈಗ ಹಗ್ಗ. ಸ್ವಿಚ್ ಆಫ್ ಮಾಡಿ, ಮೆಶಿನ್ನನ್ನು ಸ್ಟಾರ್ಟರ್ ಹಿಡಿಕೆಯಲ್ಲೇ ಮೆಲ್ಲಗೆ ತೂಗಿಬಿಡಿ. ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗೆ ಬರುವ ಒತ್ತಡ) ಇರುವ ಎಂಜಿನ್ನು ತಡೆತಡೆದು, ಗುಟುಕು ಗುಟುಕಾಗಿ ಇಳಿಯುತ್ತದೆ. ಸರ್ರನೆ ಜಾರಿದರೆ ಒಳಗೆ ಏನೂ ಉಳಿದಿಲ್ಲ ಎಂದರ್ಥ. ಕಂಪ್ರೆಶನ್ ಬಿಡುವ ಗುಂಡಿಯಿರುವ ದೊಡ್ಡ ಮೆಶಿನ್ನಾದರೆ ಆ ಗುಂಡಿ ಮುಚ್ಚಿದೆಯೇ ನೋಡಿಕೊಳ್ಳಿ. ಸ್ಪ್ರಿಂಗ್ ಸಹಾಯದ ಸ್ಟಾರ್ಟರ್ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ಇಲ್ಲೊಂದು ಮೋಸವಿದೆ, ಎಲ್ಲರೂ ತಿಳಿದಿರಬೇಕು. ಪ್ಲಗ್ ಬಿಚ್ಚಿ ಒಂದು ಚಮಚ ಎಣ್ಣೆ ಒಳಗೆ ಬಿಟ್ಟರೆ ಪಿಸ್ಟನ್ ಸುತ್ತಲಿನ ಸವೆದ ರಿಂಗಿನ ಸಂದು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕಂಪ್ರೆಶನ್ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಮೊದಲು ಪ್ಲಗ್ ಬಿಚ್ಚಿ ನೋಡಿ. ಎಣ್ಣೆಯಲ್ಲಿ ಮಿಂದಂತೆ ಒದ್ದೆಯಿದ್ದರೆ ಮೆಶಿನ್ನನ್ನು ಬೋರಲು ಹಿಡಿದು ಇಪ್ಪತ್ತು ಸಲ ಹಗ್ಗ ಎಳೆದು ಒಣಗಿಸಿ, ಆಮೇಲೆ ಪ್ಲಗ್ ತೂತಿಗೆ ಕಂಪ್ರೆಶನ್ ಅಳೆಯುವ ಗೇಜ್ ಹಾಕಿ. ಗೇಜ್ ಬಳಸುವಾಗ ಪ್ಲಗ್ಗಿನ ವಯರನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಡಿ, ಇಲ್ಲದಿದ್ದರೆ ಕಿಡಿ ಕೊಡುವ ಕಾಯಿಲ್ ಹೋಗಬಹುದು. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಮುಳ್ಳು ನಿಲ್ಲುವವರೆಗೆ ಆರೆಂಟು ಸಲ ಎಳೆಯಿರಿ. ಒತ್ತಡ 150 ಪಿಎಸ್ಐ ಮತ್ತು ಮೇಲಿದ್ದರೆ ಸಂತೋಷ. 120ರ ಹತ್ತಿರವಿದ್ದರೆ ಕೆಲಸ ಮಾಡುತ್ತದೆ, ಆದರೆ ರಿಂಗಿಗೆ ದುಡ್ಡು ತೆಗೆದಿಡಿ. 90ಕ್ಕಿಂತ ಕೆಳಗಾದರೆ ಸ್ಟಾರ್ಟ್ ಆಗುವುದೇ ಅನುಮಾನ. ಕಾರಿನ ಗೇಜಿನ ಉದ್ದನೆ ಪೈಪು ಇಷ್ಟು ಸಣ್ಣ ಎಂಜಿನ್ನಿಗೆ ಹೊಂದುವುದಿಲ್ಲ. ಪೈಪಿನ ಒಳಗಿನ ಜಾಗವೂ ಸಿಲಿಂಡರಿನ ಲೆಕ್ಕಕ್ಕೆ ಸೇರಿ ಅಂಕಿ ಕಡಿಮೆ ತೋರಿಸುತ್ತದೆ. ಕವಾಟ ಪ್ಲಗ್ಗಿನ ತುದಿಯಲ್ಲೇ ಇರುವ ಗೇಜ್ ಬೇಕು.

ಗೇಜ್ ಇಲ್ಲದಿದ್ದರೂ ಪರವಾಗಿಲ್ಲ, ಸೈಲೆನ್ಸರ್ ಬಿಚ್ಚದೆ ಮಾತ್ರ ವ್ಯಾಪಾರ ಮುಗಿಸಬೇಡಿ. ಹೆಚ್ಚಿನ ಮೆಶಿನ್ನುಗಳಲ್ಲಿ ಎರಡು ಮೂರು ಸ್ಕ್ರೂ ಅಥವಾ ನಟ್ಟು ಅಷ್ಟೇ. ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ನನ್ನು ಮೇಲಕ್ಕೆ ತಂದು, ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ಹೊಗೆಯ ಕಿಂಡಿಯೊಳಗೆ ನೋಡಿ. ಒಳ್ಳೆಯ ಪಿಸ್ಟನ್ನಿನ ಮೈಮೇಲೆ ಲೇತ್‌ನಲ್ಲಿ ತಿರುಗಿಸಿದ ಅಡ್ಡಗೆರೆಗಳು ಕೂದಲಿನಷ್ಟು ಸಣ್ಣದಾಗಿ ಇನ್ನೂ ಕಾಣುತ್ತಿರುತ್ತವೆ. ಆ ಅಡ್ಡಗೆರೆ ಕಂಡರೆ ಎಂಜಿನ್ನಿಗೆ ಬಹಳ ವಯಸ್ಸಾಗಿಲ್ಲ. ಅದರ ಬದಲು ಮೇಲಿಂದ ಕೆಳಗೆ ಉದ್ದುದ್ದ ಗೀರು, ಅಲ್ಲಲ್ಲಿ ಅಲ್ಯೂಮಿನಿಯಂ ಮೆತ್ತಿದ ಹಾಗೆ ಕಂಡರೆ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಒಮ್ಮೆ ಸೀಜ್ ಆಗಿದೆ. ಪಿಸ್ಟನ್ನನ್ನು ಸ್ವಲ್ಪ ಕೆಳಗಿಳಿಸಿದರೆ ರಿಂಗು ಕಿಂಡಿಗೆ ಬರುತ್ತದೆ. ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಹೋಗಿ ಮತ್ತೆ ಹೊರಬಂದರೆ ರಿಂಗ್ ಬದುಕಿದೆ. ಅಲುಗದಿದ್ದರೆ ಮಸಿಯಲ್ಲೋ ಕರಗಿದ ಲೋಹದಲ್ಲೋ ಅಂಟಿಕೊಂಡಿದೆ. ಸ್ಕ್ರೂಡ್ರೈವರ್ ಹಾಕಬೇಡಿ, ಬೋರ್ ಗೀರುತ್ತದೆ.

ಗೀರು ಯಾವ ಕಡೆಯಿದೆ ಎಂಬುದರಲ್ಲಿ ಕಾರಣ ಅಡಗಿದೆ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಎಂಜಿನ್ನು ವಿಪರೀತ ಬಿಸಿಯಾಗಿದೆ: ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಸುತ್ತಲೂ ಒಂದೇ ಸಮ ಗೀರಿದ್ದರೆ ಆಯಿಲ್ ಹಾಕದ ಪೆಟ್ರೋಲಿನಲ್ಲಿ ಓಡಿಸಿದ್ದಾರೆ. ಕಾರ್ಬುರೇಟರ್ ಬಿಚ್ಚಿ ಆ ಕಡೆಯ ಕಿಂಡಿಯಿಂದ ನೋಡಿದಾಗ ಪಿಸ್ಟನ್ನಿನ ಕೆಳಭಾಗ ಹೊಳಪಿಲ್ಲದೆ ಬೂದು ಬಣ್ಣಕ್ಕೆ ತಿರುಗಿ, ಅಂಚು ಬ್ಲೇಡಿನಂತೆ ತೆಳುವಾಗಿದ್ದರೆ ಹರಿದ ಏರ್ ಫಿಲ್ಟರಿನಿಂದ ಧೂಳು ಒಳಹೋಗಿದೆ. ತಲೆಯ ಅಂಚಿನಲ್ಲಿ ಇಲಿ ಕಡಿದಂತೆ ಚೂರು ಹೋಗಿದ್ದರೆ ಒಳಗೆ ಪೆಟ್ರೋಲ್ ಸಮನಾಗಿ ಉರಿಯದೆ ಒಮ್ಮೆಲೇ ಸಿಡಿದಿದೆ. ಮಸಿ ತುಂಬಿದ್ದು, ಕಡಿಮೆ ಪೆಟ್ರೋಲ್, ಹಳಸಿದ ಪೆಟ್ರೋಲ್, ಇವು ಅದಕ್ಕೆ ಕಾರಣ. ಕಂದು ಬಣ್ಣದ ತುಕ್ಕಿನ ಪಟ್ಟಿ ಕಂಡರೆ ನೀರು ಕುಡಿದಿದೆ, ಬೇರಿಂಗುಗಳನ್ನೂ ಅನುಮಾನಿಸಿ.

ಸೀಜ್ ಆದ ಕೂಡಲೇ ಸಿಲಿಂಡರ್ ಎಸೆಯಬೇಡಿ. ಸ್ಕೂಟರಿನ ಸಿಲಿಂಡರಿನಂತೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಇಲ್ಲಿ ಸಾಧ್ಯವಿಲ್ಲ, ನಿಜ. ಅಲ್ಯೂಮಿನಿಯಂ ಮೇಲೆ ನಿಕ್ಕಲ್ಲಿನ ತೆಳು ಲೇಪವಿರುತ್ತದೆ, ಬೋರ್ ಹೊಡೆದರೆ ಅದೇ ಹೋಗಿಬಿಡುತ್ತದೆ. ಆದರೆ ಆ ಲೇಪ ಪಿಸ್ಟನ್ನಿಗಿಂತ ಎಷ್ಟೋ ಪಾಲು ಗಟ್ಟಿ. ಹೆಚ್ಚಿನ ಸಲ ಬೋರಿನಲ್ಲಿ ಕಾಣುವುದು ಗೀರಲ್ಲ, ಪಿಸ್ಟನ್ನಿನಿಂದ ಕರಗಿ ಮೆತ್ತಿದ ಅಲ್ಯೂಮಿನಿಯಂ. ಉಗುರು ಎಳೆದು ನೋಡಿ: ಉಬ್ಬು ಸಿಕ್ಕರೆ ಮೆತ್ತಿದ್ದು, ತೆಗೆಯಬಹುದು. ಹೊಂಡ ಸಿಕ್ಕರೆ, ಅಥವಾ ಲೇಪ ಹಪ್ಪಳದಂತೆ ಎದ್ದು ಅಂಚು ಕಂಡರೆ, ಆ ಸಿಲಿಂಡರಿನ ಕತೆ ಮುಗಿಯಿತು.

ಮೆತ್ತಿದ್ದನ್ನು ತೆಗೆಯಲು ಕಾಸ್ಟಿಕ್ ಸೋಡಾ ದ್ರಾವಣ ಒಳ್ಳೆಯದು. ಹತ್ತಿ ಸುತ್ತಿದ ಕಡ್ಡಿಯಲ್ಲಿ ಅಲ್ಯೂಮಿನಿಯಂ ಇರುವ ಕಡೆ ಮಾತ್ರ ಹಚ್ಚಿ. ನೊರೆ ಬರುತ್ತದೆ, ಎರಡು ಮೂರು ನಿಮಿಷ ಬಿಟ್ಟು ಒರೆಸಿ ಮತ್ತೆ ಹಚ್ಚಿ. ನೊರೆ ಬರುವುದು ನಿಂತರೆ ಅಲ್ಯೂಮಿನಿಯಂ ಹೋಗಿದೆ. ಕಿಂಡಿಗಳ ಅಂಚಿಗೆ ತಾಗಬಾರದು, ಅಲ್ಲಿ ಲೇಪವಿಲ್ಲದ ಸಿಲಿಂಡರಿನ ಮೈಯನ್ನೇ ತಿನ್ನುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಹಾಕುವವರೂ ಇದ್ದಾರೆ. ನಿಕ್ಕಲ್ ಲೇಪ ಅದನ್ನು ಸ್ವಲ್ಪ ಹೊತ್ತು ತಡೆದೀತು, ಆದರೆ ಕೆಲವು ಹಳೆಯ ಮತ್ತು ಅಗ್ಗದ ಸಿಲಿಂಡರುಗಳಲ್ಲಿ ಇರುವುದು ಕ್ರೋಮ್ ಲೇಪ. ಆ್ಯಸಿಡ್ ಅದನ್ನು ಕರಗಿಸಿಬಿಡುತ್ತದೆ. ಯಾವುದೆಂದು ಗೊತ್ತಿಲ್ಲದಿದ್ದರೆ ಕಾಸ್ಟಿಕ್ ಒಂದೇ ದಾರಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಮಾಡಿ. ಆ ನೊರೆಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಇದೆ, ಹತ್ತಿರ ಬೀಡಿ ಬೇಡ. ಕೊನೆಗೆ ನೀರು, ಸಾಬೂನಿನಲ್ಲಿ ತೊಳೆದು, ಒರೆಸಿ, ಕೂಡಲೇ 2ಟಿ ಆಯಿಲ್ ಸವರಿ. 320 ನಂಬರಿನ ಎಮರಿ ಕಾಗದದಲ್ಲಿ ಕೈಯಿಂದಲೇ ಓರೆ ಓರೆಯಾಗಿ ಹಗುರವಾಗಿ ಉಜ್ಜಿದರೆ ಸಾಕು.

ಹೊಸ ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ, ತುದಿಗಳ ಸಂದಿಗೆ ಫೀಲರ್ ಗೇಜ್ ಹಾಕಿ. ಸಂದು 1 ಮಿ.ಮೀ. ದಾಟಿದರೆ ಬೋರೇ ಸವೆದಿದೆ, ಅಥವಾ ರಿಂಗ್ ಆ ಮೆಶಿನ್ನಿನದ್ದಲ್ಲ. ಮೂಲ ಸಿಲಿಂಡರಿನ ಲೇಪ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಂಡು ಒಳ್ಳೆಯ ಪಿಸ್ಟನ್ ಒಂದನ್ನೇ ಹಾಕುವುದು, ಅಗ್ಗದ ಪೂರ್ತಿ ಸೆಟ್ ಹಾಕುವುದಕ್ಕಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಗ್ಗದ ಸಿಲಿಂಡರುಗಳಲ್ಲಿ ಕಿಂಡಿಯ ಅಂಚು ಚೂಪಾಗಿಯೇ ಉಳಿದಿರುತ್ತದೆ, ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕ್ ನೋಡಲು ಪ್ಲಗ್ ಬಿಚ್ಚಿಟ್ಟು ಮ್ಯಾಗ್ನೆಟ್ ಚಕ್ರವನ್ನು ಕೈಯಿಂದ ತಿರುಗಿಸಿ. ಮರಳು ಸಿಕ್ಕಂತೆ ಕರಕರ ಅನ್ನಿಸಿದರೆ ಬೇರಿಂಗ್ ತುಕ್ಕು. ಚಕ್ರವನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಸ್ವಲ್ಪವೂ ಆಟ ಇರಬಾರದು. ಸಿಲಿಂಡರ್ ತೆಗೆದಿದ್ದರೆ ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆ ಎಳೆದು ಕೆಳಕ್ಕೆ ಒತ್ತಿ: ಟಕ್ ಎಂದರೆ ರಾಡಿನ ದೊಡ್ಡ ಬೇರಿಂಗ್ ಹೋಗಿದೆ. ಪಕ್ಕಕ್ಕೆ ಅಲುಗುವುದು ಸಹಜ, ಅದಕ್ಕೆ ಹೆದರಬೇಡಿ. ಬದಲಿಸುವಾಗ ಬೇರಿಂಗಿನ ನಂಬರ್ ಒಂದೇ ಎಂದು ನೀರಿನ ಪಂಪಿನದನ್ನು ಹಾಕಬಾರದು. ಬಿಸಿಗೆ ಹಿಗ್ಗಲು ಜಾಗವಿರುವ ಸಿ3 ಅಥವಾ ಸಿ4 ಗುರುತಿನದು, ಹಳೆಯದರಲ್ಲಿ ಏನಿತ್ತೋ ಅದೇ ಬೇಕು. ಕ್ಲಚ್ ಬಿಚ್ಚುವವರಿಗೆ ಒಂದು ಮಾತು: ಅದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ಹಗ್ಗ ತುರುಕುವಾಗ ಪಿಸ್ಟನ್ ಹೊಗೆ ಕಿಂಡಿ ದಾಟಿ ಮೇಲೆ ಬಂದಿರಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯಲ್ಲಿ ಸಿಕ್ಕಿ ಪಿಸ್ಟನ್ ಅಂಚು ಒಡೆಯುತ್ತದೆ.

ಇನ್ನು ಹೇಳುವುದು ಬಹಳ ಮಂದಿ ಬಿಟ್ಟುಬಿಡುವ ಕೆಲಸ. ಹೊಸ ಪಿಸ್ಟನ್ ಮತ್ತೆ ಸೀಜ್ ಆಗುವುದು ಇದನ್ನು ಬಿಟ್ಟಿದ್ದಕ್ಕೇ. ಎರಡು ಸ್ಟ್ರೋಕಿನ ಎಂಜಿನ್ನು ಕ್ರ್ಯಾಂಕ್‌ಕೇಸಿನಿಂದಲೇ ಉಸಿರಾಡುತ್ತದೆ. ಎಲ್ಲಿ ಸೋರಿದರೂ ಕಾರ್ಬುರೇಟರ್ ದಾಟಿ ಬರೀ ಗಾಳಿ ಒಳಸೇರುತ್ತದೆ. ಆ ಗಾಳಿಯ ಜೊತೆ ಪೆಟ್ರೋಲೂ ಇಲ್ಲ, ಆಯಿಲ್ಲೂ ಇಲ್ಲ. ಲಕ್ಷಣ ಸ್ಪಷ್ಟ: ಆ್ಯಕ್ಸಿಲರೇಟರ್ ಬಿಟ್ಟರೂ ವೇಗ ಇಳಿಯಲು ಹೊತ್ತು ತೆಗೆದುಕೊಳ್ಳುತ್ತದೆ, ಐಡಲ್ (ಆ್ಯಕ್ಸಿಲರೇಟರ್ ಒತ್ತದಿದ್ದಾಗಿನ ಓಟ) ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಮೆಶಿನ್ನನ್ನು ವಾಲಿಸಿದರೆ ಸದ್ದು ಬದಲಾಗುತ್ತದೆ. ಇದು ದುಡ್ಡಿನ ವಿಷಯ ಮಾತ್ರ ಅಲ್ಲ. ಕೈ ಬಿಟ್ಟರೂ ಚೈನ್ ತಿರುಗುತ್ತಲೇ ಇರುವ ಮೆಶಿನ್ ಹಿಡಿದು, ಮಳೆಯಲ್ಲಿ ಜಾರುವ ದಿಮ್ಮಿಯ ಮೇಲೆ ನಿಂತವರ ಕಾಲಿನ ಗತಿಯನ್ನು ಯೋಚಿಸಿ.

ಪರೀಕ್ಷೆ ಹೀಗೆ. ಸೈಲೆನ್ಸರ್ ಬಿಚ್ಚಿ, ಕಿಂಡಿಯ ಮೇಲೆ ಬೈಕಿನ ಹಳೆಯ ಟ್ಯೂಬಿನ ತುಂಡಿಟ್ಟು, ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಬಿಗಿಯಿರಿ. ಕಾರ್ಬುರೇಟರ್ ಕೂರುವ ಬಾಯಿಯನ್ನೂ ಹಾಗೆಯೇ ಮುಚ್ಚಿ, ಕ್ರ್ಯಾಂಕ್‌ಕೇಸಿನಿಂದ ಕಾರ್ಬುರೇಟರಿಗೆ ಹೋಗುವ ಇಂಪಲ್ಸ್ ಪೈಪಿನ ತುದಿಯನ್ನೂ ಕಟ್ಟಿ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದರೆ ಸಿಲಿಂಡರು, ಕ್ರ್ಯಾಂಕ್‌ಕೇಸು ಎರಡೂ ಒಂದೇ ಕೋಣೆಯಾಗುತ್ತವೆ. ಪ್ಲಗ್ ತೂತಿಗೆ ನಳಿಕೆ ಜೋಡಿಸಿ 0.5 ಬಾರ್ ಒತ್ತಡದ ಗಾಳಿ ತುಂಬಿ. 20 ಸೆಕೆಂಡು ಮುಳ್ಳು ಇಳಿಯಬಾರದು. ಬಿ.ಪಿ. ನೋಡುವ ರಬ್ಬರ್ ಗುಂಡು ಮತ್ತು ಗೇಜಿನಲ್ಲೂ ಒರಟಾಗಿ ನೋಡಬಹುದು. ಅದರ 300ರ ಗೆರೆ ಎಂದರೆ 0.4 ಬಾರ್. ಇಳಿದರೆ ಸಾಬೂನು ನೀರು ಬಳಿದು ಗುಳ್ಳೆ ಎಲ್ಲಿ ಬರುತ್ತದೆ ನೋಡಿ: ಸಿಲಿಂಡರಿನ ಬುಡದ ಪ್ಯಾಕಿಂಗ್, ಮ್ಯಾಗ್ನೆಟ್ ಕಡೆಯ ಸೀಲು, ಕ್ಲಚ್ ಕಡೆಯ ಸೀಲು, ಕಾರ್ಬುರೇಟರಿನ ರಬ್ಬರ್ ಕುತ್ತಿಗೆ, ಕಂಪ್ರೆಶನ್ ಬಿಡುವ ಗುಂಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಆಯಿಲ್ ಸೀಲಿನ ತುಟಿ ಒಳಗಿನ ಒತ್ತಡ ಬಂದಾಗ ಶಾಫ್ಟಿಗೆ ಇನ್ನಷ್ಟು ಅಪ್ಪಿಕೊಳ್ಳುತ್ತದೆ, ಸವೆದಿದ್ದರೂ ಗಾಳಿ ಬಿಡದೆ ಪಾಸಾಗಿಬಿಡುತ್ತದೆ. ಒಳಗಿನಿಂದ ಎಳೆದಾಗ ಅದೇ ತುಟಿ ಬಾಯಿಬಿಡುತ್ತದೆ. ಆದ್ದರಿಂದ ಬ್ರೇಕ್ ಆಯಿಲ್ ಎಳೆಯುವ ಕೈಪಂಪಿನಿಂದ 0.5 ಬಾರಿನಷ್ಟು ಗಾಳಿ ಹೊರಗೆಳೆದು ನೋಡಿ. 20 ಸೆಕೆಂಡಿನಲ್ಲಿ 0.3ಕ್ಕಿಂತ ಕೆಳಗೆ ಬಂದರೆ ಸೀಲ್ ಬದಲಿಸಲೇಬೇಕು. 170, 180, 250ರಲ್ಲಿ ಸಿಲಿಂಡರು ಮತ್ತು ಕೆಳಗಿನ ತಟ್ಟೆ ಎರಡು ಹೋಳಾಗಿದ್ದು ನಡುವೆ ಪ್ಯಾಕಿಂಗ್ ಬದಲು ಅಂಟು ಇರುತ್ತದೆ. ಅಂಗಡಿಯ ಸಾಮಾನ್ಯ ಸಿಲಿಕಾನ್ ಪೆಟ್ರೋಲಿಗೆ ಉಬ್ಬಿ ಬಿಟ್ಟುಕೊಳ್ಳುತ್ತದೆ. ಪೆಟ್ರೋಲ್ ಮತ್ತು ಬಿಸಿ ಎರಡನ್ನೂ ತಡೆಯುವ ಅಂಟನ್ನೇ ತೆಳುವಾಗಿ ಸವರಬೇಕು.

ಕಾರ್ಬುರೇಟರಿನ ದೋಷ ಬಹುಪಾಲು ಪೆಟ್ರೋಲಿನದ್ದು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡದವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಮಳೆಗಾಲದ ಗಾಳಿಯಿಂದ ಅದು ನೀರು ಹೀರುತ್ತದೆ. ಹೀರಿದ್ದು ಹೆಚ್ಚಾದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಹೀರುವ ಫಿಲ್ಟರ್ ಇರುವುದೂ ಅಲ್ಲಿಯೇ. ಜೂನ್‌ನಲ್ಲಿ ತುಂಬಿಟ್ಟ ಟ್ಯಾಂಕನ್ನು ನವೆಂಬರಿನಲ್ಲಿ ತೆರೆದರೆ ಹಳೆಯ ಬಣ್ಣದ ಡಬ್ಬಿಯ ವಾಸನೆ ಬರುತ್ತದೆ. ಅಂಥ ಮೆಶಿನ್ನಿನ ಕಾರ್ಬುರೇಟರಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್ ತೆಗೆದು ಬೆರಳಿನಲ್ಲಿ ಮಡಚಿ: ಹೊಸದು ಬಟ್ಟೆಯಂತೆ ಬಾಗುತ್ತದೆ, ಕೆಟ್ಟದ್ದು ಎಕ್ಸ್‌ರೇ ಹಾಳೆಯಂತೆ ಸದ್ದು ಮಾಡುತ್ತದೆ. ಕೆಟ್ಟಿದ್ದರೆ ಕಾರ್ಬುರೇಟರ್ ರಿಪೇರಿ ಕಿಟ್ ಹಾಕಿ, ತೂತುಗಳನ್ನು ಗಾಳಿಯಲ್ಲಿ ಊದಿ. ತಂತಿ ಹಾಕಿ ದೊಡ್ಡದು ಮಾಡಬೇಡಿ. ಎಥೆನಾಲ್ ಬೆರೆತ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು. ಹಾಗಾಗಿ ಹಳೆಯ ಸೆಟ್ಟಿಂಗಿನಲ್ಲೇ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ, ಪೂರ್ತಿ ವೇಗದ ಪೆಟ್ರೋಲ್ ಹೊಂದಿಸುವ ಎಚ್ ಸ್ಕ್ರೂವನ್ನು ಮತ್ತೆ ಹೊಂದಿಸಲೇಬೇಕು.

ಪ್ಲಗ್ಗಿನ ಕಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಲಗ್ಗಿನ ಸಂದು 0.5 ಮಿ.ಮೀ., ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ 0.2ರಿಂದ 0.3 ಮಿ.ಮೀ.; ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಸರಿಹೋಗುತ್ತದೆ. ತಣ್ಣಗಿದ್ದಾಗ ಓಡಿ, ಹತ್ತು ಹದಿನೈದು ನಿಮಿಷಕ್ಕೆ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಕಾಯಿಲ್ ಮೇಲೆ ಅನುಮಾನ. ಆದರೆ ಟ್ಯಾಂಕಿನ ಗಾಳಿತೂತು ಕಟ್ಟಿದ್ದರೂ ಹೀಗೆಯೇ ಆಗುತ್ತದೆ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿ ಹಗ್ಗ ಎಳೆಯಿರಿ. ಸ್ಟಾರ್ಟ್ ಆದರೆ ಗಾಳಿತೂತು, ಆಗದೆ ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲದಿದ್ದರೆ ಕಾಯಿಲ್. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಎಷ್ಟೋ ಒಳ್ಳೆಯ ಕಾಯಿಲುಗಳು ಕಸಕ್ಕೆ ಹೋಗಿವೆ.

ಇಷ್ಟು ನೋಡಿದ ಮೇಲೆ ತೀರ್ಮಾನ ಕಷ್ಟವಲ್ಲ. ಕೇಸು ಗಟ್ಟಿ, ಕ್ರ್ಯಾಂಕ್ ಸರಿ, ಪಿಸ್ಟನ್ ಮಾತ್ರ ಹೋಗಿದೆ: ಧೈರ್ಯವಾಗಿ ತೆಗೆದುಕೊಳ್ಳಿ. ಸಿಲಿಂಡರಿನ ಲೇಪವೂ ಹೋಗಿದೆ: ಬಿಡಿಭಾಗ ಸಿಗುವ ಮಾಡೆಲ್ ಆದರೆ, ಬೆಲೆ ಅದಕ್ಕೆ ತಕ್ಕ ಹಾಗೆ ಇಳಿದರೆ ನೋಡಬಹುದು. ಸಿಲಿಂಡರು, ಕ್ರ್ಯಾಂಕ್ ಎರಡೂ ಹೋಗಿದ್ದರೆ ಅದನ್ನು ಬಿಡಿಭಾಗಕ್ಕೆ ಮಾತ್ರ ಕೊಳ್ಳಿ. ಕೊಂಡ ಬೆಲೆ, ರಿಪೇರಿ ಎರಡೂ ಸೇರಿ ಅದೇ ಗಾತ್ರದ ಹೊಸ ಮೆಶಿನ್ನಿನ ಅರ್ಧ ಬೆಲೆ ದಾಟುವ ಹಾಗಿದ್ದರೆ ಕೈಹಾಕಬಾರದು. ಚೈನ್ ಬ್ರೇಕ್ ಹಿಡಿಯದ, ಚೈನ್ ತುಂಡಾದಾಗ ತಡೆಯುವ ಕೊಕ್ಕೆ ಮುರಿದ ಮೆಶಿನ್ನಿನ ಎಂಜಿನ್ನು ಎಷ್ಟು ಚೆನ್ನಾಗಿದ್ದರೂ ಅವೆರಡನ್ನು ಹಾಕದೆ ಯಾರ ಕೈಗೂ ಕೊಡಬೇಡಿ.

ಜೋಡಿಸುವಾಗ ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ. ಪಿನ್ನಿನ ಲಾಕ್ ಹಳೆಯದನ್ನು ಮತ್ತೆ ಹಾಕಬೇಡಿ, ಅದು ಹಾರಿದರೆ ಬೋರ್ ಪೂರ್ತಿ ಹಾಳು. ಕಾರ್ಖಾನೆಯವರು ಹೇಳಿದ 2ಟಿ ಆಯಿಲ್ಲಾದರೆ 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ., ಸಾಮಾನ್ಯ 2ಟಿ ಆಯಿಲ್ಲಾದರೆ 200 ಮಿ.ಲೀ. ಅಳತೆ ಲೋಟದಲ್ಲಿ ಅಳೆದೇ ಹಾಕಿ. ಅಂದಾಜಿನಲ್ಲಿ ಸುರಿದದ್ದಕ್ಕೆ ಸೀಜ್ ಆದ ಪಿಸ್ಟನ್ನುಗಳೇ ಸಾಕಷ್ಟಿವೆ. ಎಂಜಿನ್ನು ಬಿಸಿಯಾದ ಮೇಲೆ ಮರಕ್ಕೆ ತಾಗಿಸದೆ ಪೂರ್ತಿ ಆ್ಯಕ್ಸಿಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡೆದಂತೆ, ಬರಬರ ಎಂದು ಬರಬೇಕು. ಮರ ಕೊಯ್ಯತೊಡಗಿದ ಕೂಡಲೇ ತಿಳಿಯಾಗಬೇಕು. ಖಾಲಿ ಓಟದಲ್ಲೇ ಕಿವಿಗೆ ಚುಚ್ಚುವಂತೆ ತೆಳ್ಳಗೆ ಕೂಗಿದರೆ ಪೆಟ್ರೋಲ್ ಕಡಿಮೆ, ಕೂಡಲೇ ನಿಲ್ಲಿಸಿ ಎಚ್ ಸ್ಕ್ರೂ ಸಡಿಲಿಸಿ. ಐಡಲ್‌ನಲ್ಲಿ ಚೈನ್ ಅಲುಗಲೇಬಾರದು.

ಮಾರುವವರಲ್ಲಿ ನಮ್ಮ ಕೋರಿಕೆ ಇಷ್ಟೇ: ಕೊಳ್ಳುವವರು ಸೈಲೆನ್ಸರ್ ಬಿಚ್ಚಿ ನೋಡುತ್ತೇನೆ ಎಂದರೆ ಹತ್ತು ನಿಮಿಷ ಬಿಟ್ಟುಕೊಡಿ. ರಿಪೇರಿ ಮಾಡಿ ಮಾರುವವರು ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಕಂಪ್ರೆಶನ್ ಎಷ್ಟು ಪಿಎಸ್ಐ, ಬದಲಿಸಿದ ಭಾಗ ಯಾವುದು, ಗಾಳಿ ತುಂಬಿ ಮತ್ತು ಗಾಳಿ ಎಳೆದು ಎರಡೂ ಪರೀಕ್ಷೆ ಮಾಡಿದ್ದೀರೋ ಇಲ್ಲವೋ, ಈ ನಾಲ್ಕನ್ನು ಬರೆದುಕೊಡಿ. ಬಿಚ್ಚಿದ ಹಳೆಯ ಪಿಸ್ಟನ್ನನ್ನೂ ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು. ಮುಂದೆ ರಿಪೇರಿ ಮಾಡುವವರು ಅದರ ಗೀರನ್ನು ನೋಡಿಯೇ ಅರ್ಧ ಕೆಲಸ ಮುಗಿಸುತ್ತಾರೆ.

ಇಂತಿ,
ಸಣ್ಣ ಎಂಜಿನ್ ರಿಪೇರಿ ಮಾಡುವ ಕೆಲವರು
ಶಿರಸಿ, ಉತ್ತರ ಕನ್ನಡ